ಪ್ರಾಣಿಶಾಸ್ತ್ರದ ಮೇಡಂ ಮತ್ತು ಲೆಕ್ಕದ ಮೊಟ್ಟೆ

ಅವರ ಎಡಗೈಯ ಹೆಬ್ಬೆರಳು ಮತ್ತು ತೋರುಬೆರಳು ಸದಾ ನೀಲಿಯಾಗಿರುತ್ತಿದ್ದವು. ಶಾಯಿಯ ನೀಲಿಯಲ್ಲ, ಶಾಯಿ ಸೋಪಿಗೆ ಹೆದರುತ್ತದೆ. ಇದು ಉಗುರಿನ ಬುಡದಲ್ಲಿ ಸಂಸಾರ ಹೂಡಿ, ಯಾರು ಹೇಳಿದರೂ ಏಳದೆ ಕೂತಿದ್ದ ನೀಲಿ. ಒಮ್ಮೆ ಚುನಾವಣೆಯ ದಿನ ಮತಗಟ್ಟೆಯಲ್ಲಿ ಕೂತಿದ್ದವರು ಆ ಬೆರಳು ನೋಡಿ, "ಆಗಲೇ ಓಟು ಹಾಕಿ ಬಂದಿದೀರಲ್ರೀ" ಎಂದು ತಡೆದರಂತೆ. ಇವರು ಶಾಂತವಾಗಿ, "ಇದು ಕೋಳಿ ಶ್ವಾಸಕೋಶಕ್ಕೆ ಹಾಕೋ ಬಣ್ಣ" ಎಂದರಂತೆ. ಮತಗಟ್ಟೆಯವರು ಪಕ್ಕದ ಬೆರಳಿಗೆ ಗುರುತು ಹಾಕಿ ಬಿಟ್ಟುಬಿಟ್ಟರು. ಇಂಥದ್ದನ್ನು ಸುಳ್ಳು ಹೇಳುವವರು ಯಾರೂ ಕಟ್ಟಲಾರರು ಎಂಬುದು ಅವರಿಗೂ ಹೊಳೆದಿರಬೇಕು.

ಸಕಲೇಶಪುರದ ನಮ್ಮ ಕಾಲೇಜಿನಲ್ಲಿ ಅವರು ಪ್ರಾಣಿಶಾಸ್ತ್ರದ ಮೇಡಂ, ನಾನು ಕನ್ನಡದ ಮೇಷ್ಟ್ರು. ತೊಂಬತ್ತರ ದಶಕ ಮುಗಿಯುತ್ತಾ ಬಂದ ಕಾಲ. ಅವರ ಪ್ರಯೋಗಾಲಯಕ್ಕೂ ನನ್ನ ತರಗತಿಗೂ ನಡುವೆ ಒಂದೇ ಗೋಡೆ. ಅದೂ ಛಾವಣಿಯವರೆಗೆ ಏರುವ ಉತ್ಸಾಹ ತೋರಿರಲಿಲ್ಲ. ಅವರು ಗಾಜಿನ ಪಟ್ಟಿಗಳನ್ನು ಅದ್ದುತ್ತಿದ್ದ ಲವಂಗದೆಣ್ಣೆಯ ವಾಸನೆ ಆ ಗೋಡೆ ಹಾರಿ ನನ್ನ ಹಳಗನ್ನಡದ ಪಾಠಕ್ಕೆ ಬಂದು ಕೂರುತ್ತಿತ್ತು. ಹಲ್ಲುನೋವಿನ ನೆನಪಾಗದೆ ಷಟ್ಪದಿ ಓದಲಾರದ ಒಂದು ಪೀಳಿಗೆಯನ್ನೇ ನಾವಿಬ್ಬರೂ ಸೇರಿ ಮಲೆನಾಡಿಗೆ ಅರ್ಪಿಸಿದೆವು.

ಅವರು ಆಲೂರಿನ ಕಡೆಯವರು. ಮಾತು ಕಡಿಮೆ. ಏನನ್ನೂ ಬಿಸಾಡುವವರಲ್ಲ. "ಬಿಸಾಡೋ ಮುಂಚೆ ಬರೆದಿಡಿ, ಬರೆದ ಮೇಲೆ ಬಿಸಾಡಬೇಡಿ" ಎಂದು ಹುಡುಗರಿಗೆ ಹೇಳುತ್ತಿದ್ದರು. ಹಾಗಾದರೆ ಬಿಸಾಡುವುದು ಯಾವಾಗ ಎಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ನಲವತ್ತು ದಾಟಿದ ಮೇಲೆ ಅವರು ಪಿಎಚ್‌ಡಿಗೆ ಹೆಸರು ನೋಂದಾಯಿಸಿದ್ದರು. ವಿಷಯದ ಹೆಸರು ಕೇಳಿದ ನಮ್ಮ ಪ್ರಿನ್ಸಿಪಾಲರು, "ಒಳ್ಳೇದು, ಒಳ್ಳೇದು" ಎಂದು ಎದ್ದು ಹೊರಗೆ ಹೋದರು.

ನಾನು ಏಳಲಿಲ್ಲ, ಕೇಳಿದೆ. ನನ್ನ ಜೀವನದ ಗೊಂದಲಗಳಲ್ಲಿ ಅತ್ಯಂತ ದೀರ್ಘಾಯುವಾದದ್ದು ಅಲ್ಲಿಂದಲೇ ಶುರುವಾಯಿತು.

ಕಾಲೇಜಿನ ಹಿಂದುಗಡೆ ಕಿಟಕಿಗೆ ತಾಗುವಂತೆ ಕಾಫಿ ಗಿಡಗಳಿದ್ದವು. ಮೇಡಂ ಒಂದು ಗಿಡದ ಕಡೆ ನೀಲಿ ಬೆರಳು ತೋರಿಸಿ ಕೇಳಿದರು: "ಅದರ ತುದಿ ಚಿವುಟಿದ್ರೆ ಏನಾಗತ್ತೆ ಮೇಷ್ಟ್ರೇ?"

"ಕವಲೊಡೆಯುತ್ತೆ."

"ಶ್ವಾಸಕೋಶ ಬೆಳೆಯೋದೂ ಹಾಗೇ. ಮೊದಲು ಒಂದು ಕೊಳವೆ. ಅದರ ತುದಿ ಎರಡಾಗತ್ತೆ, ಎರಡು ನಾಲ್ಕಾಗತ್ತೆ. ತೋಟದಲ್ಲಿ ಚಿವುಟೋಕೆ ಆಳಿದಾನೆ. ಮೊಟ್ಟೆ ಒಳಗೆ, ಬಸಿರ ಒಳಗೆ, ಚಿವುಟೋರು ಯಾರು?"

"ದೇವರು" ಎಂದೆ, ನನ್ನ ವಿಭಾಗದ ಘನತೆಗೆ ತಕ್ಕಂತೆ.

"ದೇವರ ಮೇಲೆ ಪಿಎಚ್‌ಡಿ ಮಾಡೋಕೆ ನಮ್ಮ ಡಿಪಾರ್ಟ್‌ಮೆಂಟಲ್ಲಿ ಅವಕಾಶ ಇಲ್ಲ."

ಆಮೇಲೆ ವಿವರಿಸಿದರು. ಲೋಕವೆಲ್ಲ ಜೀವಕೋಶ, ಜೀವಕೋಶ ಎಂದು ಕುಣಿಯುತ್ತದೆ. ಎರಡು ಜೀವಕೋಶದ ನಡುವೆ ಏನಿದೆ ಎಂದು ಕೇಳುವವರು ಕಡಿಮೆ. ನಡುವೆ ಇರುವುದು ಪ್ರೋಟೀನಿನ ಎಳೆಗಳ ಒಂದು ಜಾಲ. ಕೊಲಾಜನ್, ಫೈಬ್ರೊನೆಕ್ಟಿನ್, ಲ್ಯಾಮಿನಿನ್ ಎಂದು ಅವಕ್ಕೆ ಹೆಸರು. ಪರದೇಶದ ಅಕ್ಕತಂಗಿಯರಂತೆ ನನಗೆ ಕೇಳಿಸಿದವು. ಆ ಜಾಲ ಎಲ್ಲಿ ತೆಳ್ಳಗಿರುತ್ತದೋ ಅಲ್ಲಿ ಕೊಳವೆ ಮೊಗ್ಗಿನಂತೆ ಉಬ್ಬುತ್ತದೆ, ಎಲ್ಲಿ ದಪ್ಪಗೆ ಬಿಗಿಯುತ್ತದೋ ಅಲ್ಲಿ ತಡೆಯುತ್ತದೆ. ತುದಿಯ ನಟ್ಟನಡುವೆ ತಡೆದರೆ ಒಂದು ಎರಡಾಗಲೇಬೇಕು. ಚಿವುಟುವ ಕೈ ಅದೇ ಇರಬೇಕು ಎಂಬುದು ಅವರ ಗುಮಾನಿ.

"ಆ ಜಾಲ ಹೆಣೆಯೋರು ಯಾರು?" ಎಂದೆ.

"ಜೀವಕೋಶಗಳೇ."

"ಅವೇ ಹೆಣೆದ ಜಾಲ ಅವಕ್ಕೇ ಅಪ್ಪಣೆ ಕೊಡುತ್ತಾ?"

"ಹೂಂ. ಜೇಡ ನೂಲು ಬಿಡತ್ತೆ. ಬಿಟ್ಟ ಮೇಲೆ ಆ ನೂಲಿನ ಮೇಲೇ ನಡೀಬೇಕಲ್ಲ."

"ಹಾಗಾದ್ರೆ ಯಜಮಾನ ಯಾರು ಮೇಡಂ? ಜಾಲವೋ, ಜೀವಕೋಶವೋ?"

"ನಿಮ್ಮನೇಲಿ ಯಾರು?" ಎಂದರು.

ಆ ಗೊಂದಲದಲ್ಲಿ ಬಿದ್ದವನು ನಾನು ಈವರೆಗೆ ಎದ್ದಿಲ್ಲ.

ಈ ವಿಷಯವೇ ಯಾಕೆ ಎಂದು ಒಮ್ಮೆ ಮಾತ್ರ ಹೇಳಿದರು, ಅದೂ ಗಾಜು ಒರೆಸುತ್ತಾ, ನನ್ನ ಕಡೆ ನೋಡದೆ. ಅವರ ತಂಗಿಗೆ ಏಳು ತಿಂಗಳಿಗೇ ಹೆರಿಗೆಯಾಗಿತ್ತು. ಮಗುವನ್ನು ಎದೆಗವುಚಿಕೊಂಡು ಜೀಪಿನಲ್ಲಿ ಹಾಸನದ ದಾರಿ ಹಿಡಿದವರು ಇವರೇ. "ಕೈಕಾಲು, ಕಣ್ಣು, ಉಗುರು, ಎಲ್ಲಾ ಇತ್ತು ಮೇಷ್ಟ್ರೇ. ಎದೆ ಉಬ್ಬಿದ್ದು ಉಬ್ಬಿದ ಹಾಗೆ ನಿಲ್ತಿರಲಿಲ್ಲ. ಒಳಗೆ ಇನ್ನೂ ಏನೋ ಹೆಣೆಯೋದು ಬಾಕಿ ಇತ್ತು." ದಾರಿಯಲ್ಲೇ ಮುಗಿದಿತ್ತು. ಅಷ್ಟು ಹೇಳಿ ಗಾಜನ್ನು ಬೆಳಕಿಗೆ ಹಿಡಿದು, "ಇನ್ನೂ ಕೊಳೆ ಇದೆ" ಎಂದು ಮತ್ತೆ ಒರೆಸಿದರು.

ಮನುಷ್ಯರ ಮಕ್ಕಳನ್ನು ಕೊಯ್ದು ನೋಡಲಾಗದು, ಕೋಳಿಯ ಪಿಂಡ ಸಾಕು. ಹಕ್ಕಿಯ ಶ್ವಾಸಕೋಶ ನಮ್ಮದರಂತೆ ಉಬ್ಬಿ ಇಳಿಯುವುದಿಲ್ಲವಂತೆ. ಆದರೂ ಮೊದಲ ಕವಲುಗಳ ಪಾಠ ಇಬ್ಬರಿಗೂ ಒಂದೇ ಎಂದರು. ಬೇಕಾದದ್ದು ಇಷ್ಟು: ಕಾವಿಗೆ ಇಟ್ಟು ಆರು ದಿನವಾದ, ಒಂಬತ್ತು ದಿನವಾದ, ಹನ್ನೆರಡು ದಿನವಾದ ಮೊಟ್ಟೆಗಳು. ಕಾಲೇಜಿನಲ್ಲಿ ಕಾವುಪೆಟ್ಟಿಗೆಯೇನೋ ಇತ್ತು. ಆದರೆ ಸಕಲೇಶಪುರದ ಮಳೆಗಾಲದಲ್ಲಿ ಕರೆಂಟು ನೆಂಟರ ಹಾಗೆ. ಬಂದಾಗ ಸಂತೋಷಪಡಬೇಕು, ನಂಬಿಕೊಂಡು ಅಡಿಗೆ ಮಾಡಬಾರದು. ಆ ಪೆಟ್ಟಿಗೆಯಲ್ಲಿ ಅಟೆಂಡರು ಸಾಕ್ಸ್ ಒಣಗಿಸುತ್ತಿದ್ದ.

"ಮೇಷ್ಟ್ರೇ, ನಿಮ್ಮಮ್ಮನ ಹತ್ರ ಕಾವಿಗೆ ಕೂತ ಕೋಳಿ ಇದೆಯಾ?" ಎಂದು ಮೇಡಂ ಕೇಳಿದ್ದು ಹೀಗೆ.

ನಮ್ಮ ಮನೆ ಆನೇಮಹಲಿನಲ್ಲಿ. ಅಮ್ಮ ಕೋಳಿ ಸಾಕುವುದರಲ್ಲಿ ಆ ಸೀಮೆಗೇ ಹೆಸರಾದವಳು. ಅಕ್ಷರ ಬಾರದು. ಆದರೆ ಕಾವಿಗೆ ಕೂರಿಸುವುದರಲ್ಲಿ ಅವಳದೊಂದು ಶಾಸ್ತ್ರವಿತ್ತು. ಗುಡುಗಿಗೆ ಮೊಟ್ಟೆ ಕೆಡದಿರಲೆಂದು ಬುಟ್ಟಿಯ ತಳದಲ್ಲೊಂದು ಕಬ್ಬಿಣದ ಮೊಳೆ. ಮೊಟ್ಟೆಗಳ ಸಂಖ್ಯೆ ಬೆಸ: ಒಂಬತ್ತು, ಹನ್ನೊಂದು, ಹದಿಮೂರು. ಸರಿ ಸಂಖ್ಯೆಯಲ್ಲಿ ಇಟ್ಟರೆ ಮರಿ ಉಳಿಯುವುದಿಲ್ಲ.

ಏರ್ಪಾಡು ಸರಳವಾಗಿತ್ತು. ಮೇಡಂ ಹದಿಮೂರು ಮೊಟ್ಟೆಗೆ ಪೆನ್ಸಿಲ್ಲಿನಲ್ಲಿ ಒಂದೊಂದು ಅಡ್ಡ-ಉದ್ದ ಗೆರೆಯ ಗುರುತು ಹಾಕಿ ಕೊಡುವುದು. ಅಮ್ಮ ಕೋಳಿಯ ಕೆಳಗಿಡುವುದು. ಆರನೇ ದಿನ ಮೂರು, ಒಂಬತ್ತನೇ ದಿನ ಮೂರು, ಹನ್ನೆರಡನೇ ದಿನ ಮೂರು ಮೊಟ್ಟೆಯನ್ನು ನಾನು ಟವೆಲಿನಲ್ಲಿ ಸುತ್ತಿ ಬಸ್ಸಿನಲ್ಲಿ ತಂದೊಪ್ಪಿಸುವುದು. ಉಳಿದ ನಾಲ್ಕು ಮರಿಯಾಗಿ ಅಮ್ಮನಿಗೆ. ಮೇಡಂ ಮೊಟ್ಟೆ ಒಡೆದ ಮೇಲೆ, ಗುರುತಿದ್ದ ಚಿಪ್ಪಿನ ಚೂರನ್ನೂ ಬಿಸಾಡದೆ, ನೋಟ್‌ಬುಕ್ಕಿನಲ್ಲಿ ಆ ಪಿಂಡದ ಸಂಖ್ಯೆಯ ಪಕ್ಕ ಅಂಟಿಸುತ್ತಿದ್ದರು. ಕೋಳಿಯ ಪಾಸ್‌ಪೋರ್ಟು ಫೋಟೋ ಎಂದು ನಾನು ಹಾಸ್ಯ ಮಾಡುತ್ತಿದ್ದೆ. ಅವರು ನಗುತ್ತಿರಲಿಲ್ಲ.

ಎರಡನೇ ಬುಟ್ಟಿಯ ಹೊತ್ತಿಗೆ ವಿಚಿತ್ರ ಶುರುವಾಯಿತು. ಒಂಬತ್ತು ದಿನದ ಮೊಟ್ಟೆ ಒಡೆದರೆ ಒಂದರಲ್ಲಿ ಮೂರು ದಿನದ ಪಿಂಡ. ಅದರ ಮುಂದಿನ ಬುಟ್ಟಿಯಲ್ಲಿ, ಹನ್ನೆರಡು ದಿನದ ಮೂರರಲ್ಲಿ ಒಂದಕ್ಕೆ ಆರೇ ದಿನದ ಬೆಳವಣಿಗೆ. ಮೈಸೂರಿನ ಅವರ ಗೈಡ್ ಅದನ್ನು ಅಜಾಗರೂಕತೆ ಎಂದರು. ಹಳ್ಳಿ ಬುಟ್ಟಿಯಲ್ಲಿ ವಿಜ್ಞಾನ ಕಾವಿಗೆ ಕೂರುವುದಿಲ್ಲ ಎಂದೂ ಅಂದರಂತೆ. ಮೇಡಂ ಎರಡು ದಿನ ಪ್ರಯೋಗಾಲಯ ಬಿಟ್ಟು ಹೊರಬರಲಿಲ್ಲ. ಮೂರನೇ ದಿನ ಸ್ಟಾಫ್ ರೂಮಿಗೆ ಬಂದವರ ಮುಖದಲ್ಲಿ ನಾನು ಎಂದೂ ಕಾಣದ ಹೊಳಪಿತ್ತು.

"ಮೇಷ್ಟ್ರೇ, ಅವು ಕೆಟ್ಟಿಲ್ಲ. ಕಾಯ್ತಾ ಇವೆ."

ಮಲೆನಾಡಿನ ಥಂಡಿ, ಬುಟ್ಟಿಯ ಅಂಚು. ಕೋಳಿ ಮೇಯಲು ಎದ್ದು ಹೋದಾಗ ಅಂಚಿನ ಮೊಟ್ಟೆ ತಣ್ಣಗಾಗುತ್ತದೆ, ಒಳಗಿನ ಪಿಂಡ ಬೆಳೆಯುವುದನ್ನು ನಿಲ್ಲಿಸಿ ಕಾಯುತ್ತದೆ. ಹಾಗೆ ಕಾಯುತ್ತಿರುವ ಪಿಂಡಗಳ ತೆಳು ಕೊಯ್ತಕ್ಕೆ ಬಣ್ಣ ಹಾಕಿ ನೋಡಿದರೆ, ಜಾಲದ ನೀಲಿ ಎಳೆ ಇಲ್ಲ, ಕವಲೂ ಇಲ್ಲ. ಜಾಲ ಬಾರದೆ ಶ್ವಾಸಕೋಶ ಕವಲೊಡೆಯದು ಎಂಬುದಕ್ಕೆ ಪ್ರಕೃತಿಯೇ ಸಾಕ್ಷಿ ಹೇಳುತ್ತಿದೆ! ನನ್ನನ್ನು ಎಳೆದುಕೊಂಡು ಹೋಗಿ, ಹೋಲಿಸಿ ನೋಡಲೆಂದು ಮೊದಲು ಸರಿಯಾಗಿ ಬೆಳೆದ ಒಂದನ್ನು ಸೂಕ್ಷ್ಮದರ್ಶಕದಲ್ಲಿ ತೋರಿಸಿದರು. ಗುಲಾಬಿ ಬಣ್ಣದ ಮಸುಕು, ಅದರ ನಡುವೆ ಕೂದಲೆಳೆಯಂಥ ನೀಲಿ. ನನ್ನದೇ ರೆಪ್ಪೆಯ ಕೂದಲನ್ನೂ ಸೇರಿಸಿ ನೋಡಿ, "ಅದ್ಭುತ" ಎಂದೆ. 'ಕಾಯುವ ಶ್ವಾಸಕೋಶಗಳು' ಎಂಬ ಅಧ್ಯಾಯವನ್ನು ಅವರು ಒಂದೇ ಉಸಿರಿನಲ್ಲಿ ಬರೆದರು. ಏಳು ತಿಂಗಳಿಗೆ ಹುಟ್ಟಿದ್ದಕ್ಕೂ ಕಾಯುವುದಕ್ಕೆ ಹೇಳಿಕೊಡಬಹುದಾಗಿದ್ದರೆ, ಎಂದು ಏನೋ ಶುರುಮಾಡಿ ನಿಲ್ಲಿಸಿದ್ದೂ ಆಗಲೇ. ನೋಂದಣಿಯ ಅವಧಿ ಮುಗಿಯುತ್ತಾ ಬಂದಿತ್ತು. ಮೈಸೂರಿನಲ್ಲಿ ಸಮಿತಿಯ ಮುಂದೆ ಅದನ್ನು ಮಂಡಿಸುವ ಸೋಮವಾರವೂ ಗೊತ್ತಾಯಿತು.

ಆ ಸೋಮವಾರಕ್ಕೆ ಇನ್ನೂ ಹನ್ನೊಂದು ದಿನ ಇತ್ತು. ಗುರುವಾರ ಸಂಜೆ ನನ್ನ ಪೆನ್ಸಿಲ್ ಕಾಣದೆ ಹುಡುಕುತ್ತಾ ಹಿತ್ತಲಿಗೆ ಹೋದೆ. ಅಮ್ಮ ಕೋಳಿಗೂಡಿನ ಮುಂದೆ ಕುಕ್ಕರಗಾಲಲ್ಲಿ ಕೂತು, ನಾಲಿಗೆ ತುದಿ ಹೊರಗೆ ಹಾಕಿ, ಒಂದು ಹೊಸ ಮೊಟ್ಟೆಯ ಮೇಲೆ ಪರಮ ಶ್ರದ್ಧೆಯಿಂದ ಗೆರೆ ಎಳೆಯುತ್ತಿದ್ದಳು.

"ಏನವ್ವ ಅದು?"

"ನೀನು ಬೆಳಗ್ಗೆ ಮೂರು ಎತ್ಕಂಡು ಹೋಗ್ಬುಟ್ಟೆ. ಹದಿಮೂರರಲ್ಲಿ ಮೂರು ಹೋದ್ರೆ ಹತ್ತು. ಹತ್ತಕ್ಕೆ ಕೋಳಿ ಕೂರುಸ್ತಾರೇನೋ? ಒಂದು ಲೆಕ್ಕದ ಮೊಟ್ಟೆ ಮಡಗ್ತಾ ಇವ್ನಿ."

"ಯಾವಾಗಿಂದ?"

"ಮೊದ್ಲಿಂದ್ಲೂವೆ."

"ಸರಿ. ಗುರುತು ಯಾಕೆ ಹಾಕ್ತೀಯ?"

ಅಮ್ಮ ನನ್ನನ್ನು ಅನುಕಂಪದಿಂದ ನೋಡಿದಳು. "ಒಂದೇ ಬುಟ್ಟೀಲಿ ಎಲ್ಲಾಕೂ ಬೊಟ್ಟು ಇಟ್ಟು ಒಂದನ್ನ ಬರೀ ಹಣೇಲಿ ಬುಡ್ತಾರೇನೋ? ಅದ್ಕೂ ಜೀವ ಐತೆ ಕಣೋ. ಮರಿ ಆಗದೆ ಇದ್ರೂವೆ."

ಮೇಡಂ ಹಾಕುತ್ತಿದ್ದದ್ದನ್ನು ಅವಳು ರಕ್ಷೆ ಎಂದು ತಿಳಿದಿದ್ದಳು. ದಿನದ ಲೆಕ್ಕ ಅಲ್ಲಿ ಮುಖ್ಯವೆಂದು ಅವಳಿಗೆ ಹೇಳಿದವರಿಲ್ಲ. ಹೇಳಬೇಕಾಗಿದ್ದವನು ನಾನು. ಬುಟ್ಟಿಯಿಂದ ಮೂರು ತೆಗೆಯುವಾಗ ಉಳಿದವನ್ನು ಎಣಿಸಬೇಕಾಗಿದ್ದವನೂ ನಾನೇ. ನಾನು ಮಾತ್ರೆ ಎಣಿಸುವವನು, ಮೊಟ್ಟೆ ಎಣಿಸುವವನಲ್ಲ ಎಂದು ಬೀಗಿದ್ದೆ.

ಕಾಯುತ್ತಿದ್ದ ಶ್ವಾಸಕೋಶ ಒಂದೂ ಇರಲಿಲ್ಲ. ತಡವಾಗಿ ಬುಟ್ಟಿ ಸೇರಿದ ಮೊಟ್ಟೆಗಳಿದ್ದವು, ಅಷ್ಟೆ.

ಮರುದಿನ ಬೆಳಗ್ಗೆಯೇ ಹೇಳಬೇಕಿತ್ತು. ಶುಕ್ರವಾರ ಹೇಳಲಿಲ್ಲ, ಏಕೆಂದರೆ ಶುಕ್ರವಾರ ಅವರು ಹಸಿರು ಸೀರೆ ಉಟ್ಟು ತುಂಬ ಗೆಲುವಾಗಿದ್ದರು. ಶನಿವಾರ ಅರ್ಧ ದಿನ. ಅರ್ಧ ದಿನದಲ್ಲಿ ಇಂಥ ಮಾತು ಹೇಳುವುದು ಅಪಚಾರ. ಮುಂದಿನ ವಾರ ಒಮ್ಮೆ ಬಾಯಿ ತೆರೆದೆ. "ನೋಡಿ ಮೇಷ್ಟ್ರೇ" ಎಂದು ಅಧ್ಯಾಯದ ಮೊದಲ ಪುಟ ಕೈಗಿಟ್ಟರು, ಬಾಯಿ ಮುಚ್ಚಿದೆ. ಅಷ್ಟಕ್ಕೂ ನನಗೆ ವಿಜ್ಞಾನ ಗೊತ್ತಿಲ್ಲ. ಗೊತ್ತಿಲ್ಲದವನು ಬಾಯಿ ಹಾಕಬಾರದು ಎಂಬ ವಿನಯ ನನ್ನಲ್ಲಿ ಎಂದೂ ಇಲ್ಲದಷ್ಟು ಆ ವಾರ ಉಕ್ಕಿ ಹರಿಯಿತು. ಹೇಳಿದರೆ ಅವರ ಅಧ್ಯಾಯ ಹೋಗುತ್ತದೆ, ಅವಧಿ ಮುಗಿದು ಪಿಎಚ್‌ಡಿಯೂ ಹೋಗಬಹುದು. ಹೇಳದಿದ್ದರೆ ಸಮಿತಿಯ ಮುಂದೆ ಅವರು ನನ್ನ ಅಮ್ಮನ ಬೆಸ ಸಂಖ್ಯೆಯನ್ನು ಪ್ರಕೃತಿಯ ನಿಯಮವೆಂದು ಸಾಧಿಸುತ್ತಾರೆ. ಒಂದೆರಡು ಸಲ, ಅದರಿಂದ ಯಾರಿಗೇನು ನಷ್ಟ ಎಂದೂ ಅನಿಸಿತು. ಆಗೆಲ್ಲ ಹಾಸನದ ದಾರಿಯ ಆ ಜೀಪು ನೆನಪಾಗುತ್ತಿತ್ತು.

ಸೋಮವಾರ ಬೆಳಗ್ಗೆ ಸಕಲೇಶಪುರದ ಬಸ್‌ಸ್ಟ್ಯಾಂಡಿಗೆ ಓಡಿದೆ. ಅವರು ಮೈಸೂರಿನ ಬಸ್ಸು ಹತ್ತಿ, ಕಿಟಕಿ ಪಕ್ಕ, ನೋಟ್‌ಬುಕ್ಕುಗಳ ಚೀಲವನ್ನು ಮಗುವಿನ ಹಾಗೆ ತೊಡೆಯ ಮೇಲಿಟ್ಟು ಕೂತಿದ್ದರು. ಕಿಟಕಿಯ ಕಂಬಿ ಹಿಡಿದು, ಕೆಳಗೆ ನಿಂತೇ ಹೇಳಿದೆ. ಲೆಕ್ಕದ ಮೊಟ್ಟೆ, ಹತ್ತು, ಹನ್ನೊಂದು, ಬೊಟ್ಟು. ಹೇಳಿದ ಕ್ರಮ ಎಷ್ಟು ಅಧ್ವಾನವಾಗಿತ್ತೆಂದರೆ ನನ್ನ ವಿದ್ಯಾರ್ಥಿ ಬರೆದಿದ್ದರೆ ಸೊನ್ನೆ ಹಾಕುತ್ತಿದ್ದೆ.

ಅವರು ನೀಲಿ ಬೆರಳಿನಲ್ಲಿ ಚೀಲದ ಬಾಯಿ ಬಿಗಿದರು. ಆಮೇಲೆ ಕೇಳಿದರು:

"ನಿಮಗೆ ಯಾವಾಗ ಗೊತ್ತಾಯ್ತು?"

"ನಿನ್ನೆ ಸಂಜೆ" ಎಂದೆ.

"ರೈಟ್" ಎಂದು ಕಂಡಕ್ಟರ್ ಕೂಗಿದ. ಮೇಡಂ ಎದ್ದರು. "ಏನ್ರಮ್ಮ, ಹತ್ತೋರೋ ಇಳಿಯೋರೋ? ಒಂದ್ ಕಡೆ ಇರಿ ಮಾರಾಯ್ತಿ" ಎಂದ. "ಇಳಿಯೋರು" ಎಂದು ಇಳಿದರು. ಬೂತಿಗೆ ಹೋಗಿ ಗೈಡಿಗೆ ಫೋನ್ ಮಾಡಿದರು. ಆ ಕಡೆಯ ಮಾತು ನನಗೂ, ಹೊರಗೆ ಸಾಲಲ್ಲಿ ನಿಂತವರಿಗೂ ಸ್ಪಷ್ಟವಾಗಿ ಕೇಳಿಸಿತು. ಇವರು "ಹೌದು ಸರ್, ತಪ್ಪು ನನ್ನದೇ" ಎಂದಷ್ಟೇ ಹೇಳಿ ಇಟ್ಟರು. ಅಮ್ಮನ ಹೆಸರಾಗಲಿ ನನ್ನ ಹೆಸರಾಗಲಿ ಆ ತಂತಿಯಲ್ಲಿ ಹೋಗಲಿಲ್ಲ. ಆಮೇಲೆ ಆಟೋ ಹಿಡಿದು, "ಆನೇಮಹಲ್" ಎಂದರು.

ಬೈಯಲು ಬಂದಿದ್ದಾರೆ ಎಂದುಕೊಂಡೆ. ಅವರು ನಮ್ಮ ಜಗಲಿಯ ಮೇಲೆ ಕೂತು, ನೋಟ್‌ಬುಕ್ಕು ಬಿಡಿಸಿ, ಚಿಪ್ಪಿನ ಚೂರುಗಳ ಪುಟಗಳನ್ನು ಅಮ್ಮನ ಮುಂದಿಟ್ಟರು.

"ಅಮ್ಮ, ಇದರಲ್ಲಿ ನೀವು ಹಾಕಿದ ಗುರುತು ಯಾವುದು, ಗೊತ್ತಾಗತ್ತಾ?"

"ಅಯ್ಯೋ, ನನ್ ಕೈ ನಂಗೆ ತಿಳಿಯಾಕಿಲ್ವಾ?" ಎಂದಳು ಅಮ್ಮ. ಅಕ್ಕಿಯಲ್ಲಿ ಕಲ್ಲು ಆರಿಸುವ ಚುರುಕಿನಲ್ಲಿ ಬೆರಳಿಡುತ್ತಾ ಹೋದಳು. "ಇದು ನಂದು. ಇದು ನಂದಲ್ಲ. ಇದು ನಂದು, ನೋಡಿ, ಕರಿ ಕೋಳೀದು, ಚೂಪು ಮೊಟ್ಟೆ."

"ಹೇಗೆ ಹೇಳ್ತೀರಿ?"

"ಚುಕ್ಕಿ ಐತಲ್ಲವ್ವ."

ಮೇಡಂ ಚೀಲದಿಂದ ಭೂತಗನ್ನಡಿ ತೆಗೆದು ಬಗ್ಗಿದರು. ನಾನೂ ಬಗ್ಗಿದೆ. ಅಮ್ಮ ಹಾಕಿದ ಒಂದೊಂದು ಗುರುತಿನ ನಟ್ಟನಡುವೆ, ಗೆರೆಗಳು ಕೂಡುವಲ್ಲಿ, ಸಾಸಿವೆಗಿಂತ ಸಣ್ಣ ಚುಕ್ಕಿ. ಜೀವಮಾನವಿಡೀ ಅಂಗಳಕ್ಕೆ ರಂಗೋಲಿ ಹಾಕಿದವಳು. ಚುಕ್ಕಿ ಇಡದೆ ಗೆರೆ ಎಳೆಯುವುದು ಅವಳ ಕೈಗೆ ಬಾರದು. ಮೇಡಂ ಹಾಕಿದವುಗಳಲ್ಲಿ ಚುಕ್ಕಿಯಿಲ್ಲ. ಜೀವಕೋಶಗಳ ನಡುವೆ ಏನಿದೆ ಎಂದು ಹುಡುಕುತ್ತಾ ವರ್ಷಗಟ್ಟಲೆ ಕಣ್ಣು ಸವೆಸಿದ ಹೆಂಗಸಿಗೆ, ಎರಡು ಗೆರೆಯ ನಡುವಿನ ಚುಕ್ಕಿ ಕಂಡಿರಲಿಲ್ಲ.

ಅವರು ಆಗ ನಕ್ಕರು. ನಾನು ಅವರನ್ನು ಬಲ್ಲಷ್ಟು ಕಾಲದಲ್ಲಿ ಬಾಯ್ತುಂಬ ನಕ್ಕದ್ದು ಅದೊಂದೇ ಸಲ. ನಗುನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡರು. ಅಮ್ಮ ಗಾಬರಿಯಾಗಿ, "ನಾನೇನಾರ ತಪ್ಪು ಮಾಡ್ಬುಟ್ನೇನವ್ವ?" ಎಂದಳು. "ಇಲ್ಲ ಅಮ್ಮ. ನೀವು ಚುಕ್ಕಿ ಇಟ್ಟಿದ್ದಕ್ಕೆ ಮಿಕ್ಕಿದ್ದೆಲ್ಲ ಉಳೀತು."

ಅದು ನಿಜ. ಚುಕ್ಕಿ ಇದ್ದವನ್ನು ತೆಗೆದುಹಾಕಿದರೆ ಉಳಿದ ಪಿಂಡಗಳು ಒಂದೊಂದೂ ತನ್ನ ದಿನಕ್ಕೆ ಸರಿಯಾಗಿ ಬೆಳೆದು ನಿಂತಿದ್ದವು. ಆರಕ್ಕೆ ಆರು, ಒಂಬತ್ತಕ್ಕೆ ಒಂಬತ್ತು. ಅವಧಿ ಆರು ತಿಂಗಳು ವಿಸ್ತರಣೆಯಾಯಿತು. ಪ್ರಬಂಧ ಮೊದಲಿಗಿಂತ ತೆಳ್ಳಗಾಗಿ, ಕವಲಿನ ಸಂದಿಯಲ್ಲಿ ನೀಲಿ ಎಳೆ ಸೇರುವುದನ್ನಷ್ಟೇ ದಿನದ ಕ್ರಮದಲ್ಲಿ ತೋರಿಸಿ, ಅದೇ ಚಿವುಟುತ್ತದೆ ಎಂದು ಆಣೆ ಹಾಕದೆ ಮುಗಿಯಿತು. ಒಂದು ದಿನ ಚಹಾ ಕುಡಿಯುತ್ತಾ, "ಆದ್ರೂ ಚೆನ್ನಾಗಿತ್ತು ಮೇಷ್ಟ್ರೇ, ಆ ಅಧ್ಯಾಯ" ಎಂದರು. ಅದನ್ನೂ ಅವರು ಬಿಸಾಡಿರಲಿಲ್ಲ.

ಪದವಿ ಬಂದ ಮೇಲೆ ಪ್ರಬಂಧದ ಒಂದು ಪ್ರತಿಯನ್ನು ನನಗೆ ಕೊಟ್ಟರು. ಕೃತಜ್ಞತೆಯ ಪುಟದಲ್ಲಿ ಅಮ್ಮನಿಗೆ ಒಂದು ಸಾಲು. ಅದರ ಕೆಳಗೆ ಇಂಗ್ಲಿಷಿನಲ್ಲಿ ಇನ್ನೊಂದು ಸಾಲು. ಕನ್ನಡದಲ್ಲಿ ಹೇಳುವುದಾದರೆ, 'ಗೊತ್ತಾದ ಮರುದಿನವೇ ಬಂದು ಸತ್ಯ ಹೇಳಿದ ಸಹೋದ್ಯೋಗಿಗೆ'. ನಾನು ಆ ಸಾಲನ್ನು ಪದ ಬಿಡಿಸಿ, ಕೂಡಿಸಿ, ಎಷ್ಟೋ ಸಲ ಓದಿದ್ದೇನೆ. ಅವರಿಗೆ ಹನ್ನೊಂದು ದಿನದ ವಿಷಯ ಗೊತ್ತಿರಲಿಲ್ಲವೇ? ಅಥವಾ ಗೊತ್ತಿದ್ದೇ, ಅಮ್ಮನೊಡನೆ ಮಾತಿನ ನಡುವೆ ತಿಳಿದೇ, ಹಾಗೆ ಬರೆದರೇ? ಇನ್ನೊಬ್ಬರ ಪದ್ಯಕ್ಕೆ ನಾಲ್ಕು ಅರ್ಥ ಹೇಳಿ ಸಂಬಳ ತೆಗೆದುಕೊಂಡವನಿಗೆ ಈ ಒಂದು ಸಾಲಿನ ಅರ್ಥ ಆಗಿಲ್ಲ.

ಕೇಳಿಬಿಡೋಣ ಎಂದುಕೊಂಡೆ. ಅಷ್ಟರಲ್ಲಿ ಅವರಿಗೆ ಬಯಲುಸೀಮೆಗೆ ವರ್ಗವಾಯಿತು. ರಜೆಯಲ್ಲಿ ಬಂದಾಗ ಕೇಳೋಣ ಎಂದುಕೊಂಡೆ. ಬಂದಾಗ ಅವರು ಗೆಲುವಾಗಿದ್ದರು, ನಾನು ಹಳೆಯ ಚಾಳಿಯಂತೆ ಸುಮ್ಮನಾದೆ. ಕೆಲವು ವರ್ಷಗಳ ನಂತರ ಒಂದು ಮಧ್ಯಾಹ್ನ ಸ್ಟಾಫ್ ರೂಮಿಗೆ ಫೋನ್ ಬಂತು. ಪಾಠ ಮಾಡುತ್ತಿದ್ದಾಗಲೇ ಕುಸಿದರಂತೆ, ಏಳಲಿಲ್ಲವಂತೆ. ಕಿಟಕಿಯ ಹೊರಗೆ ಕಾಫಿ ಗಿಡಗಳು ಚಿವುಟಿದ ಕಡೆಯೆಲ್ಲ ಕವಲೊಡೆದು ನಿಂತಿದ್ದವು. ನಾನು ಅಂದು ತರಗತಿಗೆ ಹೋಗಲಿಲ್ಲ.

ಸಂಜೆ ಅಮ್ಮನಿಗೆ ಹೇಳಿದೆ. ಆ ಹೊತ್ತಿಗೆ ಅವಳ ಕಣ್ಣು ಮಂಜಾಗಿತ್ತು. ಎದ್ದು ಹಿತ್ತಲಿಗೆ ಹೋದಳು. ಸ್ವಲ್ಪ ಹೊತ್ತಿನ ಮೇಲೆ ಹೋಗಿ ನೋಡಿದರೆ, ಕೋಳಿಗೂಡಿನ ಮುಂದೆ ಕೂತು ಕಾವಿಗೆ ಇಡಬೇಕಾದ ಹನ್ನೊಂದು ಮೊಟ್ಟೆಗೂ, ತಡವಿ ತಡವಿ, ಪೆನ್ಸಿಲ್ಲಿನಲ್ಲಿ ಅಡ್ಡ-ಉದ್ದ ಗೆರೆ ಎಳೆಯುತ್ತಿದ್ದಳು. ಮೇಡಂ ವರ್ಗವಾಗಿ ಹೋದ ಮೇಲೆ ಯಾವ ಬುಟ್ಟಿಗೂ ಗುರುತು ಬೇಕಾಗಿರಲಿಲ್ಲ.

"ಇನ್ನು ಅದು ಯಾಕವ್ವ? ಯಾರು ನೋಡ್ತಾರೆ?"

"ನೋಡಾಕಲ್ಲ ಕಣೋ. ಆವಮ್ಮ ಈ ಗುರುತು ಹಾಕಿದ್ ಬುಟ್ಟೀಲಿ ಒಂದು ಮರೀನೂ ಸತ್ತಿಲ್ಲ. ಅವತ್ತಿಂದ ನಾನು ಇದ ಹಾಕ್ದೆ ಕೋಳೀನೇ ಕೂರ್ಸಿಲ್ಲ. ನೀನು ಎಲ್ ನೋಡ್ತೀಯ."

ಒಂದು ಮೊಟ್ಟೆ ಎತ್ತಿ ಬೆಳಕಿಗೆ ಹಿಡಿದೆ. ಗೆರೆಗಳು ನಡುಗಿದ್ದವು. ಅವು ಕೂಡುವಲ್ಲಿ ಕಣ್ಣಿಟ್ಟು ನೋಡಿದೆ.

ಚುಕ್ಕಿ ಇರಲಿಲ್ಲ.

"ಚುಕ್ಕಿ ಬುಟ್ಟಿದೀಯಲ್ಲವ್ವ" ಎಂದೆ.

"ಇವತ್ತು ಇದು ಆವಮ್ಮನ ಮೊಟ್ಟೆ" ಎಂದಳು ಅಮ್ಮ. "ಜ್ವಾಪಾನ, ಎಣ್ಸಿ ಮಡಗು."

ಎಣಿಸಿದೆ. ಹನ್ನೊಂದೇ ಇದ್ದವು. ನಂಬಿಕೆ ಬಾರದೆ ಇನ್ನೊಮ್ಮೆ ಎಣಿಸಿದೆ.